ಒದ್ದೆಯಾಗದ ಒಂದು ಗಂಟು

ನಾನು ಒಂದು ಹಗ್ಗ. ಕತ್ತಾಳೆ ನಾರಿನ ಹಗ್ಗ. ಕೋಲಾರದ ಕಡೆ ರೈಲುಹಳಿಯ ಪಕ್ಕ ಬೇಲಿಯಾಗಿ ನಿಂತು, ದಾಟುವವರ ಬಟ್ಟೆ ಹರಿಯುವುದೊಂದೇ ಕೆಲಸವಾಗಿದ್ದ ಗಿಡದಿಂದ ನನ್ನನ್ನು ಕೊಯ್ದು ತಂದವನು ಗಂಗುಲಪ್ಪ. ಎಲೆಗಳನ್ನು ಕೆರೆಯ ಕೆಸರಿನಲ್ಲಿ ಹೂತು ಕೊಳೆಹಾಕಿದ. ಆ ನಾತಕ್ಕೆ ದಾರಿಯ ಜನ ಮೂಗು ಮುಚ್ಚಿಕೊಂಡು ಓಡುತ್ತಿದ್ದರು. ಆಮೇಲೆ ಕಲ್ಲಿನ ಮೇಲೆ ಬಡಿದ, ತೊಳೆದ, ಬಿಸಿಲಿಗೆ ಹರಡಿದ. ನೋವಾಯಿತೇ ಎಂದರೆ ಹೇಳಲಾರೆ. ಒಣಗಿದಾಗ ಬೆಳ್ಳಗೆ ಹೊಳೆಯುತ್ತಿದ್ದೆ, ಅಷ್ಟು ನೆನಪಿದೆ.

ಹಗ್ಗ ಹೊಸೆಯುವುದು ಒಬ್ಬರ ಕೆಲಸವಲ್ಲ. ಗಂಗುಲಪ್ಪ ಒಂದು ಕಡೆ ಕೂತು ರಾಟೆ ತಿರುಗಿಸುತ್ತಿದ್ದ. ಅವನ ಮಗಳು ಮಡಿಲಲ್ಲಿ ನಾರು ತುಂಬಿಕೊಂಡು, ಬೆರಳ ಸಂದಿಯಿಂದ ಅದನ್ನು ಸ್ವಲ್ಪಸ್ವಲ್ಪವೇ ಬಿಡುತ್ತ ಹಿಂದಕ್ಕೆ ನಡೆಯುತ್ತಿದ್ದಳು. ಅವಸರಪಟ್ಟರೆ ಹುರಿ ಕಿತ್ತುಹೋಗುತ್ತದೆ, ನಿಂತರೆ ಸಿಕ್ಕಾಗುತ್ತದೆ.

"ಜಗ್ಗಬ್ಯಾಡಮ್ಮಾ, ಹಿಂದಕ್ಕೆ ನಡಿ ಅಷ್ಟೆ," ಎಂದು ಅಪ್ಪ ಹೇಳುತ್ತಿದ್ದ.

ನಾನು ಈ ಲೋಕದಲ್ಲಿ ಕೇಳಿದ ಮೊದಲ ಮಾತು ಅದು. ಅದರ ಬೆಲೆ ಗೊತ್ತಾಗಲು ತುಂಬ ಕಾಲ ಬೇಕಾಯಿತು.

ಸಂತೆಯಲ್ಲಿ ನನ್ನನ್ನು ಕೊಂಡವನು ಲಾರಿ ಓಡಿಸುವ ಬಶೀರ್. ಟೊಮೆಟೊ ತುಂಬಿದ ಮರದ ಪೆಟ್ಟಿಗೆಗಳ ಮೇಲೆ ನನ್ನನ್ನು ಅಡ್ಡಡ್ಡ ಬಿಗಿದು ಘಟ್ಟ ಇಳಿಯುತ್ತಿದ್ದ, ಬಯಲು ದಾಟುತ್ತಿದ್ದ. ಟೀ ಕುಡಿಯಲು ನಿಲ್ಲಿಸಿದಾಗೆಲ್ಲ ಲಾರಿಯ ಸುತ್ತ ಒಂದು ಸುತ್ತು ಬಂದು, ನನ್ನನ್ನು ಹಿಡಿದು ಅಲ್ಲಾಡಿಸಿ, "ಇದೀಯೇನಪ್ಪಾ?" ಎಂದು ಕೇಳುವುದು ಅವನ ಅಭ್ಯಾಸ. ಉತ್ತರ ಕೊಡಲು ನನಗೆ ಬಾಯಿಲ್ಲ. ಬಿಗಿಯಾಗಿರುವುದೇ ನನ್ನ ಉತ್ತರ. ಅವನಿಗೆ ಅಷ್ಟು ಸಾಕಾಗಿತ್ತು.

ಬಶೀರನ ಮಗಳು ಶಾಹೀನ್ ಊರಿನ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಆ ವರ್ಷ ಆಟೋಟದ ದಿನ ಹಗ್ಗಜಗ್ಗಾಟಕ್ಕೆ ಹಗ್ಗವಿಲ್ಲ ಎಂದು ಶಾಲೆಯಲ್ಲಿ ಗೊಣಗಾಟ ಎದ್ದಿತು. ಅವಳು ಅಪ್ಪನನ್ನು ಕಾಡಿ ಬೇಡಿ ನನ್ನನ್ನು ಹೆಗಲ ಮೇಲೆ ಹೊತ್ತು ತಂದಳು. ಆಟ ಮುಗಿದ ಮೇಲೆ ಬಶೀರ್ ವಾಪಸು ಕೇಳಲಿಲ್ಲ. ನಾನು ಶಾಲೆಯವನಾದೆ.

ಆ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿವರ್ಷ ಸಂಕ್ರಾಂತಿ ಕಳೆದ ಮೇಲೆ ಒಂಬತ್ತನೇ ಕ್ಲಾಸಿನ ಗಂಡುಹುಡುಗರನ್ನು ಡ್ರಿಲ್ ಮೇಷ್ಟ್ರು ಗವಿಗುಡ್ಡಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಬಂಡೆಗಳ ಸಂದಿಯಲ್ಲಿ ತೆವಳಿ ಗವಿ ದಾಟಿ, ಆ ಕಡೆ ಬುತ್ತಿ ಉಂಡು ಬರುವುದು. ಆ ದಿನ ಹೆಣ್ಣುಹುಡುಗಿಯರು ಕ್ಲಾಸಿನಲ್ಲಿ ಕೂತು ಕರ್ಚೀಫಿಗೆ ಕಸೂತಿ ಹಾಕುತ್ತಿದ್ದರು. ವಿಜ್ಞಾನ ಹೇಳಿಕೊಡುತ್ತಿದ್ದ ಭ್ರಮರಾಂಬ ಟೀಚರ್ ಅದನ್ನು ನಾಲ್ಕು ವರ್ಷ ಸುಮ್ಮನೆ ನೋಡಿದರು. ಐದನೆಯ ವರ್ಷ ಹೆಡ್‌ಮಾಸ್ಟರ್ ಸಂಪಂಗಿರಾಮಯ್ಯನವರ ಕೋಣೆಗೆ ಹೋದರು. ನಾನು ಅಲ್ಲೇ ಬೀರುವಿನ ಪಕ್ಕ ಸುರುಳಿಯಾಗಿ ಬಿದ್ದಿದ್ದೆ.

ಹೆಡ್‌ಮಾಸ್ಟರ್ ಕೆಟ್ಟವರಲ್ಲ, ಹೆದರುವವರು. ಒಂದು ಹುಡುಗಿಯ ಕಾಲು ಉಳುಕಿದರೂ ಊರಿನವರು ಬಂದು ತಮ್ಮನ್ನೇ ಕೇಳುತ್ತಾರೆ ಎಂದರು. ಟೀಚರ್ ನನ್ನ ಕಡೆ ಕೈತೋರಿಸಿ, ಅದಕ್ಕೆ ಗಂಟು ಹಾಕುತ್ತೇನೆ, ಒಬ್ಬೊಬ್ಬಳಿಗೆ ಒಂದೊಂದು, ಹಿಡಿದ ಗಂಟನ್ನು ಗವಿ ದಾಟುವವರೆಗೂ ಯಾರೂ ಬಿಡುವಂತಿಲ್ಲ ಎಂದರು.

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇದೇ ಕೊನೆ ಟೀಚರ್," ಎಂದರು ಹೆಡ್‌ಮಾಸ್ಟರ್. "ಆಮೇಲೆ ಯಾವ ಹೆಣ್ಣುಮಗೂನೂ ಗೇಟು ದಾಟ್ಸಲ್ಲ ನಾನು."

ಆ ಮಾತು ಕಿಟಕಿಯ ಹೊರಗೆ ನಿಂತಿದ್ದ ಶಾಹೀನ್ ಮೂಲಕ ಒಂದು ಗಳಿಗೆಯಲ್ಲಿ ಇಡೀ ಕ್ಲಾಸಿಗೆ ಗೊತ್ತಾಯಿತು.

ಆ ಸಂಜೆ ಟೀಚರ್ ಶಾಲೆಯ ಜಗಲಿಯ ಮೇಲೆ ಕೂತು ನನ್ನ ಮೈಯುದ್ದಕ್ಕೂ ಗಂಟು ಹಾಕಿದರು. ಮರುದಿನ ಬೆಳಿಗ್ಗೆ ಗವಿಯ ಬಾಯಿಯಲ್ಲಿ ಹುಡುಗಿಯರು ಸಾಲಾಗಿ ನಿಂತರು. ಮುಂದೆ ಟಾರ್ಚು ಹಿಡಿದ ಟೀಚರ್, ಹಿಂದೆ ಕೊನೆಯ ಗಂಟು ಹಿಡಿದ ಶಾಹೀನ್. ಅವಳು ಧೈರ್ಯದವಳು ಎಂದೇ ಅವಳಿಗೆ ಆ ಜಾಗ. ಅವಳ ಮುಂದಿನ ಗಂಟು ಮುನಿರತ್ನಳದು. ಇಬ್ಬರೂ ಒಂದೇ ಬೆಂಚಿನವರು. ಹೊಲಿಗೆ ಕ್ಲಾಸಿಗೆ ಒಬ್ಬಳು ಚಕ್ಕರ್ ಹಾಕಿದರೆ ಇನ್ನೊಬ್ಬಳು ದನಿ ಬದಲಿಸಿ ಇಬ್ಬರ ಹಾಜರಿಯನ್ನೂ ಕೂಗುತ್ತಿದ್ದಳು.

ಒಳಗೆ ಕತ್ತಲೆ, ಬಾವಲಿಯ ವಾಸನೆ, ಭುಜಕ್ಕೆ ತಾಗುವ ಬಂಡೆ. ಹೊರಗೆ ಕಿಸಿಕಿಸಿ ನಗುತ್ತಿದ್ದವರ ಬಾಯಿ ಕಟ್ಟಿತು. ಮಾತು ನಿಂತಾಗ ಮನುಷ್ಯರ ಅಂಗೈ ಮಾತಾಡಲು ಶುರುಮಾಡುತ್ತದೆ. ಒಂದೊಂದು ಗಂಟಿನಲ್ಲೂ ಒಂದೊಂದು ಕೈ ಬೆವರುತ್ತಿತ್ತು. ಕತ್ತಾಳೆ ನಾರು ಬೆವರನ್ನು ಚೆನ್ನಾಗಿ ಕುಡಿಯುತ್ತದೆ. ಯಾರಿಗೆ ಎಷ್ಟು ಹೆದರಿಕೆ ಎಂದು ಆ ಹೊತ್ತಿನಲ್ಲಿ ನನ್ನಷ್ಟು ತಿಳಿದವರು ಯಾರೂ ಇರಲಿಲ್ಲ.

ಮುನಿರತ್ನಳ ಕೈ ಮಾತ್ರ ಒಣಗಿತ್ತು. ಅವಳಿಗೆ ಗವಿಯ ಹೆದರಿಕೆ ಇರಲಿಲ್ಲ, ಚಪ್ಪಲಿಯ ಚಿಂತೆ ಇತ್ತು. ಅಕ್ಕನ ಮದುವೆಗೆಂದು ತಂದಿಟ್ಟಿದ್ದ ಹೊಸ ಚಪ್ಪಲಿಯನ್ನು ಹೇಳದೆ ಮೆಟ್ಟಿಕೊಂಡು ಬಂದಿದ್ದಳು. ನಡುದಾರಿಯಲ್ಲಿ ಒಂದು ಬಿರುಕು ದಾಟುವಾಗ ಬಲಗಾಲಿನದು ಕಳಚಿ ಕೆಳಗೆ ಬಿತ್ತು.

"ನನ್ ಗಂಟು ಹಿಡ್ಕೊಳೇ," ಎಂದು ಪಿಸುಗುಟ್ಟಿದಳು. "ತಗೊಂಡು ಹಿಂದೇನೇ ಬಂದ್ಬಿಡ್ತೀನಿ."

"ಮಿಸ್‌ಗೆ ಹೇಳಣ ಕಣೇ."

"ಹೇಳಿದ್ರೆ ಇದೇ ಕೊನೆ ಅಂದಿಲ್ವಾ ಹೆಡ್‌ಮಾಸ್ಟ್ರು?"

ಕೈ ಬಿಟ್ಟಿತು. ಮೈಯಿಂದ ಒಂದು ಕೈ ಬಿಟ್ಟುಹೋದದ್ದು ಹಗ್ಗಕ್ಕೆ ಗೊತ್ತಾಗದೆ ಇರುವುದಿಲ್ಲ. ಆದರೆ ಸಾಲು ಮುಂದೆ ಸಾಗುತ್ತಿತ್ತು. ಶಾಹೀನ್ ಆ ಗಂಟು ಜೋಲಾಡದಂತೆ ಸೊಂಟಕ್ಕೆ ಸುತ್ತಿದ್ದ ವೇಲಿನೊಳಗೆ ಸಿಕ್ಕಿಸಿಕೊಂಡು, ಮತ್ತೆ ಮತ್ತೆ ಹಿಂದೆ ತಿರುಗಿ ನೋಡುತ್ತ ನಡೆದಳು. ಹಿಂದೆ ಯಾರೂ ಬರಲಿಲ್ಲ.

ಹೊರಗೆ ಬಿಸಿಲು. ಟೀಚರ್ ಎಲ್ಲರಿಗೂ ಅವರವರ ಗಂಟಿನ ನಂಬರು ಕೂಗಲು ಹೇಳಿದರು. ಮುನಿರತ್ನಳ ನಂಬರನ್ನು ಒಂದು ಸಣ್ಣ ದನಿ ಕೂಗಿತು, ಅದರ ಹಿಂದೆಯೇ ಕೊನೆಯ ನಂಬರನ್ನು ದಪ್ಪ ದನಿ ಕೂಗಿತು. ಎರಡೂ ಶಾಹೀನಳವೇ. ಹೊಲಿಗೆ ಕ್ಲಾಸಿನ ಅಭ್ಯಾಸ ಅವಳ ಬಾಯಿಂದ ತಾನಾಗಿಯೇ ಬಂದುಬಿಟ್ಟಿತ್ತು. ಆಮೇಲೆ ಅವಳು ಗವಿಯ ಬಾಯಿಯನ್ನೇ ನೋಡುತ್ತ ನಿಂತಳು. ಹುಡುಗಿಯರು ಬುತ್ತಿ ಬಿಚ್ಚಿದರು. ನನ್ನೊಳಗೆ ಒಂದೇ ಒಂದು ಮಾತಿತ್ತು, ಅದನ್ನು ಹೇಳಲು ನನಗೆ ನಾಲಗೆ ಇರಲಿಲ್ಲ. ಆ ಹೊತ್ತಿನಷ್ಟು ನನ್ನ ಮೂಕತನ ನನಗೆ ಎಂದೂ ಭಾರವಾಗಿಲ್ಲ.

ಟೀಚರ್ ನನ್ನನ್ನು ಸುತ್ತಿಡಲು ಎತ್ತಿಕೊಂಡರು. ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಅಂಗೈಗೆ. ಒಂದೊಂದು ಗಂಟೂ ಅವರ ಬೆರಳುಗಳ ನಡುವೆ ಹಾದುಹೋಯಿತು. ಒದ್ದೆ, ಒದ್ದೆ, ಒದ್ದೆ. ಕೊನೆಗೆ ಬರುವಷ್ಟರಲ್ಲಿ ಕೈ ನಿಂತಿತು. ಹಿಂದಕ್ಕೆ ಹೋಗಿ ಆ ಒಣಗಿದ ಗಂಟನ್ನು ಮತ್ತೆ ಒತ್ತಿ ನೋಡಿದರು. ತಲೆ ಎತ್ತಿ ಹುಡುಗಿಯರ ಮುಖಗಳನ್ನು ಒಂದೊಂದಾಗಿ ನೋಡಿದರು.

"ಶಾಹೀನ್, ಈ ಗಂಟು ಯಾರೂ ಹಿಡ್ದೇ ಇಲ್ವಲ್ಲ."

ಅವಳು ಅಳಲು ಶುರುಮಾಡಿದಳು. ಟೀಚರ್ ಬೈಯಲಿಲ್ಲ. ಎಲ್ಲಿ ಎಂದು ಮಾತ್ರ ಕೇಳಿದರು.

ನನ್ನ ಒಂದು ತುದಿಯನ್ನು ಹುಡುಗಿಯರ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಅವರು ಒಳಗೆ ಬಂದರು. ಮುನಿರತ್ನ ಆ ಬಿರುಕಿನಲ್ಲಿ ಜಾರಿ, ಎರಡು ಆಳಿನಷ್ಟು ಕೆಳಗೆ ಒಂದು ಸಣ್ಣ ಚಾಚುಕಲ್ಲಿನ ಮೇಲೆ ಮುದುರಿ ಕೂತಿದ್ದಳು. ಅದರಾಚೆಯ ಆಳಕ್ಕೆ ಟಾರ್ಚಿನ ಬೆಳಕು ಮುಟ್ಟಲಿಲ್ಲ. ಇಷ್ಟು ಹೊತ್ತೂ ಅವಳು ಒಂದು ಸಲವೂ ಕೂಗಿರಲಿಲ್ಲ. ಕೂಗಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಮುಂದೆ ಯಾವ ಹುಡುಗಿಯೂ ಇಲ್ಲಿಗೆ ಬರುವಂತಿಲ್ಲ ಎಂದು ಬಾಯಿ ಕಚ್ಚಿಕೊಂಡು ಕೂತಿದ್ದಳು. ಒಬ್ಬಳು ಹೊರಗೆ ಸುಮ್ಮನಿದ್ದಳು, ಒಬ್ಬಳು ಒಳಗೆ ಸುಮ್ಮನಿದ್ದಳು, ನಡುವೆ ನಾನು.

ಟೀಚರ್ ಇಳಿಬಿಟ್ಟ ನನ್ನ ತುದಿ ಅವಳ ಕಂಕುಳ ಕೆಳಗೆ ಸುತ್ತಿಕೊಂಡಿತು. ಹೊರಗಿನವರಿಗೆ ಗೊತ್ತಿದ್ದದ್ದು ಹಗ್ಗಜಗ್ಗಾಟ ಒಂದೇ. ಹೋ ಎಂದು ಒಮ್ಮೆಗೇ ಎಳೆದರು. ನಾನು ಬಂಡೆಯ ಅಂಚಿಗೆ ಉಜ್ಜಿದೆ. ನನ್ನ ಮೂರು ಹುರಿಗಳಲ್ಲಿ ಒಂದು ಪಟ್ಟನೆ ಕಿತ್ತಿತು.

"ಎಳೀಬೇಡಿ," ಒಳಗಿನಿಂದ ಟೀಚರ್ ದನಿ ಬಂತು. "ಹಿಡ್ಕೊಂಡು ಹಿಂದಕ್ಕೆ ನಡೀರಿ. ಮೆಲ್ಲಗೆ. ನಡೀರಿ ಅಷ್ಟೆ."

ಹುಡುಗಿಯರು ಹಿಂದಕ್ಕೆ ನಡೆದರು. ಗಂಗುಲಪ್ಪನ ಮಗಳು ನಡೆದ ಹಾಗೆಯೇ, ಅವಸರವಿಲ್ಲದೆ, ನಿಲ್ಲದೆ. ಉಳಿದ ಎರಡು ಹುರಿಗಳಲ್ಲಿ ನಾನು ನನ್ನ ಕೆಸರು, ನನ್ನ ಕಲ್ಲು, ನನ್ನ ಬಿಸಿಲು ಎಲ್ಲವನ್ನೂ ಒಟ್ಟುಗೂಡಿಸಿಕೊಂಡು ಬಿಗಿಯಾಗಿ ನಿಂತೆ. ಮುನಿರತ್ನಳ ತಲೆ ಬಿರುಕಿನಿಂದ ಮೇಲೆ ಬಂತು. ಟೀಚರ್ ಅವಳನ್ನು ತಬ್ಬಿಕೊಂಡು ಅಲ್ಲೇ ಕತ್ತಲಲ್ಲಿ ಸ್ವಲ್ಪ ಹೊತ್ತು ಕೂತರು. ನನಗೆ ಗೊತ್ತಿರುವ ಮೌನಗಳಲ್ಲಿ ಅದು ಒಳ್ಳೆಯದು.

ಮರುದಿನ ಟೀಚರ್ ಹೆಡ್‌ಮಾಸ್ಟರ ಕೋಣೆಗೆ ಬಂದಾಗ ಆ ಇಬ್ಬರು ಆಗಲೇ ಬಾಗಿಲಲ್ಲಿ ನಿಂತಿದ್ದರು. ನಡೆದದ್ದನ್ನೆಲ್ಲ ಮುನಿರತ್ನಳೇ ಹೇಳಿದಳು. ನಂಬರು ಕೂಗಿದ್ದು ತಾನು ಎಂದು ಶಾಹೀನ್ ಸೇರಿಸಿದಳು. ಸಂಪಂಗಿರಾಮಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಲ್ಲರೂ ‘ಇದೇ ಕೊನೆ’ ಎಂಬ ಆ ಒಂದು ಮಾತಿಗಾಗಿ ಕಾಯುತ್ತಿದ್ದರು. ಅವರ ಕಣ್ಣು ನನ್ನ ಕಿತ್ತ ಹುರಿಯ ಮೇಲೆ ಬಿತ್ತು.

"ಚಪ್ಪಲಿ ಸಿಕ್ತೇನಮ್ಮಾ?" ಎಂದು ಕೇಳಿದರು.

"ಇಲ್ಲ ಸಾರ್. ಎಡಗಾಲಿಂದು ಮಾತ್ರ ಇದೆ."

"ನಿಮ್ಮಕ್ಕ ಬಿಡ್ತಾಳಾ?"

"ಸಾಯ್ಸಿಬಿಡ್ತಾಳೆ ಸಾರ್."

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ ಟೀಚರ ಕಡೆ ತಿರುಗಿದರು. "ತಪ್ಪು ನಂದೂ ಇದೆ ಟೀಚರ್. ನನ್ ಮಾತಿಗೆ ಹೆದ್ರಿ ಮಗು ಕತ್ಲಲ್ಲಿ ಬಾಯಿ ಮುಚ್ಕೊಂಡು ಕೂತಿತ್ತು. ಮುಂದಿನ ವರ್ಷ ಕೊನೇ ಗಂಟು ನಾನೇ ಹಿಡ್ಕೊಳ್ತೀನಿ."

ಹಿಡಿದುಕೊಂಡರು ಕೂಡ. ಪಂಚೆ ಎತ್ತಿ ಕಟ್ಟಿ, ಏದುಸಿರು ಬಿಡುತ್ತ, ರಿಟೈರಾಗುವವರೆಗೆ ಪ್ರತಿವರ್ಷ. ಗವಿಯೊಳಗೆ ಎಲ್ಲರಿಗಿಂತ ಹೆಚ್ಚು ಬೆವರುತ್ತಿದ್ದ ಕೈ ಅವರದೇ. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಎಷ್ಟೋ ಹುಡುಗಿಯರು ನನ್ನನ್ನು ಹಿಡಿದು ಆ ಕತ್ತಲೆ ದಾಟಿದರು. ಆಮೇಲೆ ನೀಲಿ ಬಣ್ಣದ ನೈಲಾನ್ ಹಗ್ಗ ಬಂತು. ಅದು ಹಗುರ, ಬೆವರು ಕುಡಿಯುವುದಿಲ್ಲ. ನಾನು ಉಗ್ರಾಣ ಸೇರಿದೆ. ಯಾರೋ ಬಟ್ಟೆ ಒಣಹಾಕಲು ಬೇಕೆಂದು ನನ್ನ ಗಂಟು ಬಿಚ್ಚಲು ನೋಡಿದರು, ಉಗುರು ಮುರಿದುಕೊಂಡರು. ಅಷ್ಟು ಕೈಗಳು ಬಿಗಿದ ಗಂಟು ಬಿಚ್ಚುವಂಥದ್ದಲ್ಲ. ಭ್ರಮರಾಂಬ ಟೀಚರ್ ಕೆಲಸ ಬಿಡುವ ದಿನ, ಹಾರ ಶಾಲು ಎಲ್ಲ ಆದ ಮೇಲೆ, ಆ ಹಳೇ ಹಗ್ಗ ಬೇಡದಿದ್ದರೆ ತಮಗೆ ಕೊಡಿ ಎಂದು ಕೇಳಿ ತೆಗೆದುಕೊಂಡರು.

ಈಗ ನಾನು ಅವರ ಹಿತ್ತಲಲ್ಲಿದ್ದೇನೆ. ನುಗ್ಗೆಮರದಿಂದ ಗೋಡೆಯ ಮೊಳೆಗೆ ಕಟ್ಟಿದ್ದಾರೆ. ಹಾಗಲಬಳ್ಳಿಯೊಂದು ನನ್ನನ್ನು ಹಿಡಿದು ಹಬ್ಬುತ್ತಿದೆ. ಎಲೆಯಾಗಿದ್ದೆ, ಕೊಳೆತೆ, ಏಟು ತಿಂದೆ, ಹೊರೆ ಬಿಗಿದೆ. ಕೊನೆಗೆ ನನಗೆ ಸಿಕ್ಕಿದ್ದು ಕೈಗಳು. ಇದಕ್ಕಿಂತ ಹೆಚ್ಚಿನದನ್ನು ಒಂದು ಹಗ್ಗ ಕೇಳಬಾರದು.

ಚಳಿಗಾಲದ ಬೆಳಗುಗಳಲ್ಲಿ ನನ್ನ ಮೈತುಂಬ ಇಬ್ಬನಿ ಕೂತಿರುತ್ತದೆ. ಟೀಚರ್ ಕಾಫಿ ಲೋಟ ಹಿಡಿದು ಹಿತ್ತಲಿಗೆ ಬರುತ್ತಾರೆ. ಇನ್ನೊಂದು ಕೈಯಿಂದ ಗಂಟುಗಳನ್ನು ಒಂದೊಂದಾಗಿ ಮುಟ್ಟುತ್ತ ನನ್ನ ಉದ್ದಕ್ಕೂ ನಡೆಯುತ್ತಾರೆ. ಕೊನೆಯದಕ್ಕೂ ಮೊದಲಿನ, ಮುನಿರತ್ನಳ ಗಂಟಿಗೆ ಬಂದಾಗ ಕೈ ಒಂದು ಚೂರು ನಿಲ್ಲುತ್ತದೆ. ಒತ್ತಿ ನೋಡುತ್ತಾರೆ. ಅದೂ ಒದ್ದೆಯಾಗಿರುತ್ತದೆ.

"ಎಲ್ರೂ ಇದಾರೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಒದ್ದೆ ಬೆರಳನ್ನು ಸೆರಗಿಗೆ ಒರೆಸಿ, ಒಳಗೆ ಹೋಗುತ್ತಾರೆ.