ಆರನೆಯ ಗೀಟು

ನಾನು ಒಂದು ಅಳತೆ ಹಲಗೆ. ಹೊನ್ನೆ ಮರದಿಂದ ನನ್ನನ್ನು ಸೀಳಿ, ಉಜ್ಜಿ, ಮೈಮೇಲೆ ಕೆಂಪು ಗೀಟು ಎಳೆದವನು ಬಡಿಗೇರ ಮೌನೇಶಪ್ಪ. ಕೊನೆಯ ಗೀಟು ಎಳೆದು ಕೈಮುಗಿದ. "ಯಾರ ಮಕ್ಕಳೋ ನಿನಗ ಬೆನ್ನು ಕೊಟ್ಟು ನಿಲ್ತಾವ. ಸುಳ್ಳು ಹೇಳಬ್ಯಾಡಪಾ" ಎಂದ. ಆದರೂ ನಾನು ಸುಳ್ಳು ಹೇಳಿದೆ.

ಊರ ಹೊರಗಿನ ಬಾಲಮಂದಿರದ ಪಡಸಾಲೆಯಲ್ಲಿ ನನ್ನನ್ನು ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದರು. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳನ್ನು ಮೇಲ್ವಿಚಾರಕಿ ಕಸ್ತೂರಕ್ಕ ನನಗೆ ಒರಗಿಸಿ ನಿಲ್ಲಿಸುವರು. ತಲೆ ಯಾವ ಗೀಟಿಗೆ ತಾಗಿತೋ ಅಷ್ಟು ವಯಸ್ಸು. ಹುಟ್ಟಿದ ದಿನ ಎಲ್ಲರಿಗೂ ಜೂನ್ ಒಂದು. ಹದಿನೆಂಟು ತುಂಬಿದರೆ ಆ ದಿನವೇ ಗಂಟು ಕಟ್ಟಿಕೊಂಡು ಹೊರಡಬೇಕು.

ಶಾವಂತ್ರಿ ಬಂದಾಗ ಎಲುಬು ಕಾಣುವ, ಉದ್ದನೆಯ ಕೂಸು. ತಲೆ ಆರನೆಯ ಗೀಟಿಗೆ ತಾಗಿತು. ಆರು ಎಂದು ಬರೆದರು.

"ಅಕ್ಕಾರ, ಇದಕ್ಕ ನಾಕ ತುಂಬಿದ್ರ ಹೆಚ್ಚು. ಇನ್ನಾ ಬೆರಳ ಚೀಪತೈತಿ. ಕುತಗಿ ಉದ್ದ ಐತಂತ ಒಂಟಿ ಮರೀನ ಮುದುಕಿ ಅಂತೀರೇನ್ರಿ?" ಎಂದು ನಕ್ಕಳು ಅಡುಗೆಯ ಹುಸೇನಬಿ.

"ಹಲಗಿ ಹೇಳೇತಿ, ಮುಗೀತು" ಎಂದರು ಕಸ್ತೂರಕ್ಕ.

ಹನ್ನೆರಡು ವರ್ಷ ಸರಿದವು. ಕಾಗದದಲ್ಲಿ ಹದಿನೆಂಟು ಹತ್ತಿರ ಬಂತು, ಶಾವಂತ್ರಿಗೆ ಹದಿನಾರು. ಪ್ರತಿ ಮೇ ಕೊನೆಗೆ ಬಾಗಿಲಿಗೆ ಒಬ್ಬ ಹೆಂಗಸು ಬರುತ್ತಿದ್ದಳು. ಬಾಯಲ್ಲಿ ಎಲೆಯಡಿಕೆ, ಹಿಂದೆ ಆಟೋ. ಹೊರಡುವ ಹುಡುಗಿಯರಿಗೆ ತಾನು ದೊಡ್ಡವ್ವ ಎನ್ನುವಳು. ಕೆಲಸ ಕೊಡಿಸುತ್ತೇನೆಂದು ಕರೆದೊಯ್ದ ಮೂವರಲ್ಲಿ ಒಬ್ಬಳೂ ಕಾಗದ ಬರೆದಿಲ್ಲ. ಈ ಸಲ ಅವಳು ಶಾವಂತ್ರಿಯನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಅಳೆಯುವ ನೋಟ ನನಗೆ ತಿಳಿಯದೇ?

"ಇಪ್ಪತ್ತೊಂದರ ತನಕ ಇಟ್ಕೊಳ್ಳಾಕ ಸರಕಾರಕ್ಕ ಅರ್ಜಿ ಬರೀರಿ ಅಕ್ಕಾರ. ಇಲ್ಲೀತನಕ ಒಬ್ಬರಿಗೂ ಬರದಿಲ್ಲ ನೀವು" ಎಂದಳು ಹುಸೇನಬಿ. ಕಸ್ತೂರಕ್ಕ ಬಹಳ ಹೊತ್ತು ನನ್ನನ್ನೇ ನೋಡಿದರು. ಬರೆದರು.

ಉತ್ತರ ಬರಲಿಲ್ಲ. ಜೂನ್ ಒಂದು ಬಂತು. ಬಾಗಿಲಾಚೆ ಆಟೋ ಗುರುಗುಟ್ಟಿತು.

"ಹದಿನೆಂಟ ತುಂಬೇತಲ್ಲ, ಕಳಸ್ರಿ. ನನ್ನ ತಂಗಿ ಮಗಳಕಿ."

ಶಾವಂತ್ರಿ ಒಲೆಯ ಹಿಂದೆ ಅಡಗಿದಳು. ಬಾಗಿಲಿನ ಚಿಲಕ ಮುರಿದು ವರ್ಷವಾಗಿತ್ತು. ಹುಸೇನಬಿ ನನ್ನನ್ನು ಗೋಡೆಯಿಂದ ಕಿತ್ತು ಬಾಗಿಲಿಗೆ ಅಡ್ಡ ಹಾಕಿದಳು.

"ತಂಗಿ ಮಗಳಾದ್ರ ತಂಗೀ ಹೆಸರ ಹೇಳಬೇ!"

ಹೊರಗೆ ಅವಳು ನಕ್ಕಳು. "ಇರ್ಲಿ. ನನಗೇನ ಅವಸರಿಲ್ಲ."

ಎಂಟನೆಯ ದಿನ ಉತ್ತರ ಬಂತು: ಇಪ್ಪತ್ತೊಂದರವರೆಗೆ ಇರಬಹುದು. ಶಾವಂತ್ರಿ ಕಾಲೇಜಿಗೆ ಹೋಗುತ್ತಾಳೆ. ಹುಸೇನಬಿ ಜೊತೆಗೆ ನಡೆದು ಬಿಟ್ಟು ಬರುತ್ತಾಳೆ.

ನನ್ನನ್ನು ಮತ್ತೆ ಗೋಡೆಗೆ ಏರಿಸಲಿಲ್ಲ. ಈಗ ನಾನು ಬಾಗಿಲ ಹಿಂದಿನ ಮುದಿ ಅಡ್ಡಗೋಲು. ಒಂದು ತುದಿಗೆ ಗೆದ್ದಲು ಹತ್ತಿದೆ. ಕೆಲವು ಸಂಜೆ, ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ, ಹೊರಗಿನಿಂದ ಯಾರೋ ಬಾಗಿಲನ್ನು ಮೆಲ್ಲಗೆ ಒತ್ತಿ ನೋಡುತ್ತಾರೆ. ತಪ್ಪು ಅಳೆದ ಪಾಪ ನನ್ನದು, ದೇವರೇ. ಇನ್ನು ಮೂರು ವರ್ಷ ನನ್ನನ್ನು ಮುರಿಯಗೊಡಬೇಡ.