ಕಾರು ಕೇಳಿದ ಹಸಿರು ತಂತಿ

ಆ ಇಳಿಜಾರು ಬೀದಿಯ ಜನಕ್ಕೆ ವಾರದಲ್ಲಿ ಎರಡು ಬೆಳಗಾದರೂ ನರ್ಸಮ್ಮನ ಕಾರು ತಳ್ಳುವ ಕೆಲಸ ತಪ್ಪುತ್ತಿರಲಿಲ್ಲ. ಹಾಲು ಹಾಕುವವನು ಕ್ಯಾನು ಕೆಳಗಿಡುತ್ತಿದ್ದ. ಎದುರುಮನೆಯ ಮೇಷ್ಟರು ಪೇಪರನ್ನು ಕಂಕುಳಲ್ಲಿ ಇರುಕಿಕೊಂಡು ಬರುತ್ತಿದ್ದರು. ಎಲ್ಲರೂ ಸೇರಿ ದಮ್ಮು ಕಟ್ಟಿ ನೂಕಿದರೆ ಆ ಹಳೇ ಡೀಸೆಲ್ ಕಾರು ಕೆಮ್ಮಿ, ಕ್ಯಾಕರಿಸಿ, ಕರೀ ಹೊಗೆ ಉಗುಳಿ ಹೊರಡುತ್ತಿತ್ತು.

ತಮಾಷೆಯೆಂದರೆ, ನರ್ಸಮ್ಮನ ಗಂಡ ಊರಿಗೇ ಹೆಸರಾದ ಮೆಕ್ಯಾನಿಕ್. ಜನ ಅವನನ್ನು ಕಿವಿಮೇಸ್ತ್ರಿ ಎನ್ನುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಅರೆನಿಮಿಷ ನಿಂತರೆ ಸಾಕು. "ಮೂರನೇ ಸಿಲಿಂಡರ್. ಬಿಚ್ಚಿ" ಎನ್ನುತ್ತಿದ್ದ. ಬಿಚ್ಚಿದರೆ ತೊಂದರೆ ಅಲ್ಲೇ ಇರುತ್ತಿತ್ತು. ಆದರೆ ಊರವರ ಕಾರುಗಳ ನಡುವೆ ಮನೆಯ ಕಾರಿಗೆ ಮಾತ್ರ ಅವನಿಗೆ ಬಿಡುವಾಗುತ್ತಿರಲಿಲ್ಲ.

ನರ್ಸಮ್ಮ ಹೆರಿಗೆ ನರ್ಸು. ಹೆರಿಗೆನೋವು ಹೊತ್ತುಗೊತ್ತು ನೋಡಿ ಬರುವುದಿಲ್ಲ. ಒಂದು ದಿನ ಬೀದಿಯವರೆಲ್ಲ ತಳ್ಳಿ ಕಾರು ಹೊರಡಿಸುವಷ್ಟರಲ್ಲಿ ಮಗುವೇ ಅವಳಿಗಿಂತ ಮುಂಚೆ ಬಂದುಬಿಟ್ಟಿತ್ತು. ತಾಯಿ, ಮಗು ಇಬ್ಬರೂ ಉಳಿದದ್ದು ಪುಣ್ಯ. ಅಂದು ಸಂಜೆ ಅವಳು ಬ್ಯಾಗು ಕೆಳಗಿಡುವ ಮೊದಲೇ ಹೇಳಿದಳು:

"ರೀ, ನಾನು ಕರೆಂಟ್ ಕಾರು ತಗೋತೀನಿ."

"ಮಿಕ್ಸಿಗೆ ನಾಲ್ಕು ಚಕ್ರ ಹಾಕಿದ್ರೆ ಅದು ಕಾರಾಗುತ್ತಾ?" ಎಂದ ಕಿವಿಮೇಸ್ತ್ರಿ.

"ಆಗುತ್ತೋ ಇಲ್ವೋ ನೋಡೋಣ. ತಳ್ಳೋರಿಗೆ ನಾನು ಮುಖ ತೋರಿಸೋಕೆ ಆಗ್ತಿಲ್ಲ."

ತಿಂಗಳೊಳಗೆ ಕಾರು ಬಂತು. ಅವನು ಬಾನೆಟ್ ಎತ್ತಿ ನೋಡಿದ. ಬೆಲ್ಟಿಲ್ಲ, ಆಯಿಲಿಲ್ಲ, ಹೊಗೆ ಕೊಳವೆಯಿಲ್ಲ. ಮುಚ್ಚಿದ ಪೆಟ್ಟಿಗೆಗಳು, ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳು, ಪಕ್ಕದಲ್ಲಿ "ಮುಟ್ಟಬೇಡಿ" ಎಂಬ ಚೀಟಿ. ಹೆಂಡತಿ ಕಾರು ಶುರು ಮಾಡಿದಳು. ಅವನು ಸ್ಕ್ರೂಡ್ರೈವರನ್ನು ಒಂದು ಬೋಲ್ಟಿಗೆ ಆನಿಸಿ ಕಿವಿಯಿಟ್ಟ. ಏನೂ ಕೇಳಿಸಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಒಂದು ಯಂತ್ರ ಅವನ ಜೊತೆ ಮಾತಾಡಿರಲಿಲ್ಲ.

ಮರುದಿನ ನರ್ಸಮ್ಮ ಡ್ಯೂಟಿ ಮುಗಿಸಿ ಮಧ್ಯಾಹ್ನ ಮಲಗಿದ್ದಾಗ, ಚಾರ್ಜ್ ಮಾಡುವುದೇನು ಮಹಾ ವಿದ್ಯೆ ಎಂದು ಅವನೇ ಕೈ ಹಾಕಿದ. ಕಾರಿನ ಜೊತೆ ಕೊಟ್ಟಿದ್ದ ಚಾರ್ಜರನ್ನು ಮನೆಯೊಳಗಿನ ಸಾಕೆಟ್ಟಿಗೆ ಚುಚ್ಚಿದ. ಚಾರ್ಜರಿನ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿತು. ತೆಗೆದು ಮತ್ತೆ ಚುಚ್ಚಿದ. ಮತ್ತೆ ಕೆಂಪು. "ಹೊಸದಾಗಿ ಬಂದಿರೋದೇ ಕೆಟ್ಟಿದೆ" ಎಂದುಕೊಂಡು, ಅಂಗಳದಾಚೆಯ ತನ್ನ ಶೆಡ್ಡಿನಿಂದ ಎಕ್ಸ್‌ಟೆನ್ಷನ್ ವೈರು ಎಳೆದ. ಶೆಡ್ಡಿಗೆ ಬೇರೆಯದೇ ಲೈನು. ಅಲ್ಲಿಂದ ಕೊಟ್ಟ ಕೂಡಲೇ ಹಸಿರು ದೀಪ ಬಂತು. ಗೆದ್ದೆನೆಂದು ಮೀಸೆ ತಿರುವಿದ.

ಒಂದು ಗಂಟೆ ಕಳೆದಿರಲಿಲ್ಲ, ಪ್ಲಾಸ್ಟಿಕ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಓಡಿ ಬಂದು ನೋಡಿದರೆ, ಸುರುಳಿ ಸುತ್ತಿಟ್ಟಿದ್ದ ವೈರು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಪಕ್ಕದಲ್ಲೇ ಪೆಟ್ರೋಲಿನ ಡಬ್ಬ! ಅವನು ಹಾರಿ ಶೆಡ್ಡಿನ ಮೇನ್ ಸ್ವಿಚ್ ಇಳಿಸಿದ. ಸದ್ದಿಗೆ ಹೆಂಡತಿ ಎದ್ದು ಬಂದಳು. ಅವಳ ಮೇಲೇ ರೇಗಿದ.

"ನಾನು ಹೇಳಿರಲಿಲ್ವಾ? ಮನೆ ಸುಡೋ ಕಾರು ತಂದಿದೀಯ!"

ನರ್ಸಮ್ಮ ತಂಗಿಗೆ ಫೋನು ಮಾಡಿದಳು. ತಂಗಿ ಮನೆಗಳಿಗೆ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್. ಲೈಸೆನ್ಸ್ ಇದ್ದವಳು, ಭಾವನನ್ನು ಕಂಡರೆ ಕೀಟಲೆ ಬಿಡದವಳು. ಬಂದವಳೇ ಕರಗಿದ ವೈರನ್ನು ಎತ್ತಿ ಹಿಡಿದಳು.

"ಭಾವ, ನಿಮ್ಮ ಗ್ಯಾರೇಜಲ್ಲಿ ಸ್ಕೂಟರ್ ಚೈನು ಹಾಕಿ ಲಾರಿ ಎಳೀತೀರಾ?"

"ಯಾರಾದ್ರೂ ಎಳೀತಾರಾ?"

"ನೀವು ಎಳೆದಿದ್ದೀರಿ. ಡ್ರಿಲ್ಲು ಓಡಿಸೋ ಸಣ್ಣ ವೈರಿದು. ಡ್ರಿಲ್ಲು ಐದು ನಿಮಿಷ ಓಡುತ್ತೆ, ನಿಲ್ಲುತ್ತೆ. ಕಾರು ಗಂಟೆಗಟ್ಟಲೆ ಒಂದೇ ಸಮನೆ ಕರೆಂಟ್ ಕುಡಿಯುತ್ತೆ. ಅದೂ ಸುತ್ತಿಟ್ಟ ವೈರಿನ ಬಿಸಿ ಎಲ್ಲಿಗೆ ಹೋಗಬೇಕು? ಕಾರಿಗೆ ಎಕ್ಸ್‌ಟೆನ್ಷನ್ ವೈರು ಯಾವತ್ತೂ ಬೇಡ."

"ಸರಿ ಬಿಡು. ಮನೆ ಸಾಕೆಟ್ಟಿಗೆ ಹಾಕಿದ್ರೆ ಕೆಂಪು ದೀಪ ಯಾಕೆ ಬಂತು? ಚಾರ್ಜರ್ ಕೆಟ್ಟಿದೆ ತಾನೆ?"

ಅವಳು ಮೇನ್ ಇಳಿಸಿ, ಸ್ವಿಚ್‌ಬೋರ್ಡ್ ಬಿಚ್ಚಿದಳು. ಗೋಡೆಯೊಳಗಿನಿಂದ ಒಂದು ಹಸಿರು ತಂತಿಯನ್ನು ಎರಡು ಬೆರಳಲ್ಲಿ ಹೊರಗೆಳೆದಳು. ತುದಿಗೆ ಟೇಪು ಸುತ್ತಿತ್ತು. ಅದು ಎಲ್ಲಿಗೂ ಸೇರಿರಲಿಲ್ಲ.

"ಇದು ಅರ್ಥಿಂಗ್ ತಂತಿ. ಎಲ್ಲಾದ್ರೂ ಕರೆಂಟ್ ಸೋರಿದ್ರೆ ನಮ್ಮ ಮೈಮೇಲೆ ಬರದೆ ನೆಲಕ್ಕೆ ಹೋಗಲಿ ಅಂತ ಇರೋದು. ಮನೆ ಕಟ್ಟಿದಾಗಿಂದ ಹೀಗೇ ನೇತಾಡ್ತಿದೆ. ಚಾರ್ಜರ್ ಕೆಟ್ಟಿಲ್ಲ ಭಾವ. ಈ ಮನೆಗೆ ಅರ್ಥಿಂಗ್ ಇಲ್ಲ, ನಾನು ಕರೆಂಟ್ ಬಿಡಲ್ಲ ಅಂತ ಅದು ಹೇಳ್ತಿತ್ತು. ಶೆಡ್ಡಿನ ಲೈನಿಗೆ ಅರ್ಥಿಂಗ್ ಇದೆ, ಅದಕ್ಕೇ ಅಲ್ಲಿ ಹಸಿರು ಬಂತು."

ನರ್ಸಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. "ಬಟ್ಟೆ ಒಗೆಯೋ ಮೆಷಿನ್ ಮುಟ್ಟಿದ್ರೆ ಕೈ ಜುಮ್ಮನ್ನುತ್ತೆ ಅಂತ ಎಷ್ಟು ಸಲ ಹೇಳಿದೀನಿ" ಎಂದಳು ಮೆಲ್ಲಗೆ.

ಹೇಳಿದ್ದಳು, ನಿಜ. ಚಪ್ಪಲಿ ಹಾಕಿಕೊಂಡು ಮುಟ್ಟು ಎಂದು ಅವನು ನಕ್ಕಿದ್ದ. ಊರಿನ ಇಂಜಿನ್ನುಗಳ ಪಿಸುಮಾತನ್ನೆಲ್ಲ ಕೇಳಿಸಿಕೊಂಡವನು ಮನೆಯವಳ ಮಾತಿಗೆ ಕಿವಿಗೊಟ್ಟಿರಲಿಲ್ಲ. ಹದಿನೆಂಟು ವರ್ಷ ಒದ್ದೆ ಕೈಯಲ್ಲಿ ಅವಳು ಆ ಮೆಷಿನ್ ಮುಟ್ಟಿದ್ದಳು. ಮನೆಗೆ ಬಂದ ಎರಡನೇ ದಿನಕ್ಕೇ ಒಂದು ಕಾರು ಅದನ್ನು ಪತ್ತೆ ಹಚ್ಚಿತ್ತು. ಅವನು ಆ ಪುಟ್ಟ ಚಾರ್ಜರನ್ನು ಕೈಗೆತ್ತಿಕೊಂಡು, ಮಗುವಿನ ಮುಖ ನೋಡುವಂತೆ ನೋಡುತ್ತ ಕೂತ.

ನಾದಿನಿ ಕೆಲಸ ಶುರು ಮಾಡಿದಳು. ಅಂಗಳದಲ್ಲಿ ಗುಂಡಿ ತೆಗೆಸಿ ಅರ್ಥಿಂಗ್ ಇಳಿಸಿದಳು, ಹಸಿರು ತಂತಿಯನ್ನು ಅದಕ್ಕೆ ಸೇರಿಸಿದಳು, ಮೀಟರ್ ಹಿಡಿದು ಪರೀಕ್ಷೆ ಮಾಡಿದಳು. ವಿದ್ಯುತ್ ಕಚೇರಿಯಲ್ಲಿ ಕೇಳಿ ಮನೆಯ ಲೋಡು ಹೆಚ್ಚಿಸಿಕೊಂಡಳು. ಮೇನ್ ಬೋರ್ಡಿನಿಂದ ಕಾರಿಗೆಂದೇ ಬೇರೆ ದಪ್ಪ ತಂತಿ ಎಳೆದು, ಅದಕ್ಕೆ, ಲೋಡು ಮೀರಿದರೆ ತಾನೇ ಬೀಳುವ ಬೇರೆ ಎಂಸಿಬಿ ಸ್ವಿಚ್ಚು ಹಾಕಿದಳು. ಕರೆಂಟ್ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುವ ಸ್ವಿಚ್ಚನ್ನೂ ಕೂರಿಸಿದಳು. ಮಳೆ ಬೀಳದ ಕಡೆ, ಸೂರಿನ ಕೆಳಗೆ, ಎದೆಮಟ್ಟಕ್ಕೆ ಹದಿನಾರು ಆಂಪಿನ ಗಟ್ಟಿ ಸಾಕೆಟ್ ಬಂತು. ಕೆಲಸ ನಡೆದ ಮೂರು ದಿನವೂ ಕಿವಿಮೇಸ್ತ್ರಿ ಅವಳ ಬೆನ್ನಿಗೇ ಇದ್ದ.

"ಮಳೆ ಬರ್ತಿದ್ರೆ ಚಾರ್ಜ್ ಹಾಕಬಹುದಾ?"

"ಕಾರಿನ ಕಡೆಯ ಪ್ಲಗ್ಗನ್ನ ಮಳೆ ತಡೆಯೋ ಹಾಗೇ ಮಾಡಿರ್ತಾರೆ. ಗೋಡೆ ಸಾಕೆಟ್ ನೆನೆಯಬಾರದು. ಒದ್ದೆ ಕೈಯಲ್ಲಿ ಮುಟ್ಟಬಾರದು."

"ಹೊಟ್ಟೆ ತುಂಬೋಕೆ ಎಷ್ಟು ಹೊತ್ತು?"

"ಈ ಸಾಕೆಟ್ಟಲ್ಲಿ, ಪೂರ್ತಿ ಖಾಲಿಯಾಗಿದ್ರೆ ಹತ್ತು ಗಂಟೆ. ಆದ್ರೆ ಅಕ್ಕ ದಿನಕ್ಕೆ ನಲವತ್ತು ಕಿಲೋಮೀಟರ್ ಓಡಿಸ್ತಾಳೆ. ಅದಕ್ಕೆ ಎರಡು ಗಂಟೆ ಸಾಕು. ಫೋನಿನ ಥರ, ನೀವು ಮಲಗಿದಾಗ ಅದು ಉಣ್ಣುತ್ತೆ."

"ದಿನಾ ನೂರಕ್ಕೆ ನೂರು ತುಂಬಿಸಬೇಕಾ?"

"ಕಾರಿನ ಕೈಪಿಡಿ ಓದಿ. ಬ್ಯಾಟರಿಯಿಂದ ಬ್ಯಾಟರಿಗೆ ವ್ಯತ್ಯಾಸ ಇದೆ. ಇದಕ್ಕೆ ದಿನದ ಓಡಾಟಕ್ಕೆ ಎಂಬತ್ತು ಸಾಕು, ದೂರ ಹೋಗೋ ದಿನ ನೂರು. ಪೂರ್ತಿ ಖಾಲಿ ಮಾಡಿ ನಿಲ್ಲಿಸಬೇಡಿ."

"ಬ್ಯಾಟರಿ ಸತ್ರೆ?"

"ಒಂದೇ ದಿನಕ್ಕೆ ಸಾಯಲ್ಲ, ಭಾವ. ನಮ್ಮ ಹಾಗೆ ನಿಧಾನವಾಗಿ ಮುದಿಯಾಗುತ್ತೆ. ಎಷ್ಟು ವರ್ಷ ಗ್ಯಾರಂಟಿ ಅಂತ ಬರೆದು ಕೊಟ್ಟಿರ್ತಾರೆ, ಆ ಕಾಗದ ಜೋಪಾನ ಮಾಡಿ. ಇನ್ನೊಂದು ಮಾತು. ಆ ಕಿತ್ತಳೆ ಕೇಬಲ್ಲಿಗೆ ನಿಮ್ಮ ಸ್ಪ್ಯಾನರ್ ಹೋಗಕೂಡದು. ಅದಕ್ಕೆ ತರಬೇತಿ ಬೇಕು."

ಎಲ್ಲ ಕೇಳಿದ, ಎಲ್ಲದಕ್ಕೂ ತಲೆಯಾಡಿಸಿದ. ಆದರೂ ಒಳಗೊಂದು ಮುಳ್ಳು ಉಳಿದಿತ್ತು. "ಕರೆಂಟೇ ಹೋದ ದಿನ ಏನು ಮಾಡ್ತೀಯ?" ಎಂದು ಹೆಂಡತಿಯನ್ನು ಕೆಣಕುತ್ತಲೇ ಇದ್ದ.

ಆ ದಿನವೂ ಬಂತು. ಬಿರುಗಾಳಿಗೆ ಕಂಬಗಳು ಉರುಳಿ, ಹಿಂದಿನ ಮಧ್ಯಾಹ್ನದಿಂದ ಊರಲ್ಲಿ ಕರೆಂಟಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಫೋನು ಬಂತು. ಗುಡ್ಡದ ಮೇಲಿನ ಕಲ್ಲು ಕ್ವಾರಿಯ ಮನೆಗಳಲ್ಲಿ ಒಬ್ಬಳಿಗೆ ಚೊಚ್ಚಲ ಹೆರಿಗೆನೋವು. ಪಕ್ಕದ ಊರಿನಿಂದ ಬರುತ್ತಿದ್ದ ಆಂಬುಲೆನ್ಸು ಉರುಳಿದ ಮರದ ಆಚೆ ಸಿಕ್ಕಿಕೊಂಡಿತ್ತು.

"ಚಾರ್ಜ್ ನಲವತ್ತಾರು ಪರ್ಸೆಂಟ್ ಇದೆ" ಎಂದಳು ನರ್ಸಮ್ಮ. "ಹೋಗಿ ಬರೋಕೆ ಧಾರಾಳ. ನೀವು ಓಡಿಸಿ, ನಾನು ಹಿಂದೆ ಅವಳ ಜೊತೆ ಕೂರಬೇಕು."

ಗುಡ್ಡ ಹತ್ತುವಾಗ ಅವನ ಕಣ್ಣು ರಸ್ತೆಯ ಮೇಲೆ ಅರ್ಧ, ಅಂಕಿಯ ಮೇಲೆ ಅರ್ಧ. ನಲವತ್ತು. ಮೂವತ್ತೈದು. ಮೇಲೆ ಮುಟ್ಟಿದಾಗ ಇಪ್ಪತ್ತೊಂಬತ್ತು. ಹಿಂದಿನ ಸೀಟಿನಲ್ಲಿ ಆ ಹುಡುಗಿಯನ್ನು ಮಲಗಿಸಿ ಇಳಿಯತೊಡಗಿದರು.

ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲೆತ್ತಿದ. ಯಾರೋ ಹಿಂದಿನಿಂದ ಹಿಡಿದುಕೊಂಡಂತೆ ಕಾರು ತಾನೇ ತಾನಾಗಿ ನಿಧಾನವಾಯಿತು. ಎರಡು ತಿರುವು ದಾಟಿ ಅಂಕಿ ನೋಡಿದ. ಮೂವತ್ತು. ಕಣ್ಣುಜ್ಜಿ ನೋಡಿದ. ಇನ್ನೂ ಕೆಳಗೆ ಬಂದಾಗ ಮೂವತ್ತೊಂದು. ಗುಡ್ಡ ಇಳಿಯುವ ಭಾರವನ್ನೇ ಕಾರು ಕರೆಂಟು ಮಾಡಿ ನುಂಗುತ್ತಿತ್ತು! ಇಷ್ಟು ವರ್ಷ ಆ ಭಾರವನ್ನೆಲ್ಲ ಬ್ರೇಕಿನಲ್ಲಿ ಸುಟ್ಟು ಬೂದಿ ಮಾಡಿದ ಎಷ್ಟೋ ಗಾಡಿಗಳು ಅವನ ಕೈಯಲ್ಲಿ ಹಾದುಹೋಗಿದ್ದವು.

ಆಗ ಹಿಂದಿನಿಂದ ಒಂದು ಸದ್ದು ಬಂತು. ದಡಬಡ, ದಡಬಡ, ದಡಬಡ. ನರ್ಸಮ್ಮ ಪುಟ್ಟ ಯಂತ್ರವೊಂದನ್ನು ಆ ಹುಡುಗಿಯ ಹೊಟ್ಟೆಗೆ ಹಿಡಿದಿದ್ದಳು.

"ಏನದು?"

"ಮಗುವಿನ ಎದೆ ಬಡಿತ. ಹಳೇ ಕಾರಲ್ಲಿ ಇದನ್ನ ಕೇಳಬೇಕಾದ್ರೆ ಗಾಡಿ ನಿಲ್ಲಿಸಬೇಕಿತ್ತು."

ಇನ್ನೂ ಹುಟ್ಟದ ಜೀವವೊಂದು ಅವನ ಬೆನ್ನ ಹಿಂದೆ ಓಡುತ್ತಿತ್ತು, ಎಂಥ ಇಂಜಿನ್ನೂ ನಾಚುವಷ್ಟು ಸಮನಾಗಿ. ಇದ್ದಕ್ಕಿದ್ದಂತೆ ಆ ಓಟ ತಗ್ಗಿತು.

"ನಿಧಾನ ಆಯ್ತಲ್ಲ!" ನರ್ಸಮ್ಮನಿಗಿಂತ ಮೊದಲು ಅವನೇ ಕೂಗಿದ.

"ಗೊತ್ತು. ನೀವು ರಸ್ತೆ ನೋಡಿ. ಎಡಕ್ಕೆ ಹೊರಳಮ್ಮ, ಪೂರ್ತಿ ಎಡಕ್ಕೆ. ಉಸಿರು ಎಳ್ಕೋ. ಹಾಗೇ..."

ಅವನು ಕೇಳುತ್ತಲೇ ಓಡಿಸಿದ. ದಡ... ಬಡ... ದಡ... ಬಡ... ಒಂದು ತಿರುವು. ಎರಡು ತಿರುವು. ಮೂರನೆಯದರಲ್ಲಿ ಅದು ಮತ್ತೆ ಚೇತರಿಸಿಕೊಂಡಿತು. ದಡಬಡ, ದಡಬಡ. ಅವನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಗುಡ್ಡದ ಬುಡ ಮುಟ್ಟಿದಾಗ ಅಂಕಿ ಮೂವತ್ತೆರಡು.

ಆಸ್ಪತ್ರೆ ಸೇರಿದ ಮುಕ್ಕಾಲು ಗಂಟೆಗೆ ಹೆಣ್ಣುಮಗು ಹುಟ್ಟಿತು. ಅಳು ಬಾಗಿಲಾಚೆಗೂ ಕೇಳಿಸಿತು. ಕಿವಿಮೇಸ್ತ್ರಿ ಹೊರಗೆ ಬಂದು, ಕಾರಿನ ಬಾನೆಟ್ ಮೇಲೆ ಅಂಗೈ ಊರಿ ನಿಂತ. ಹೆಂಡತಿ ಬಂದು, "ಮಿಕ್ಸಿ ಹೇಗೆ ಓಡ್ತು?" ಎಂದಾಗ ಅವನು ಕಾರಿನ ಬಾಗಿಲು ತೆರೆದು ಅವಳ ಬ್ಯಾಗನ್ನು ಒಳಗಿಟ್ಟ.

ಕರೆಂಟು ಬಂದ ಮೇಲೆ ಅವನು ಮಾಡಿದ ಮೊದಲ ಕೆಲಸ, ನಾದಿನಿಯನ್ನು ಕರೆದು ಬೀದಿಯ ಮನೆಮನೆಗೂ ಹೋದದ್ದು. ಇಪ್ಪತ್ತೆರಡು ಮನೆಗಳಲ್ಲಿ ಒಂಬತ್ತಕ್ಕೆ ಸರಿಯಾದ ಅರ್ಥಿಂಗ್ ಇರಲಿಲ್ಲ. ಯಾರ ಮನೆಯಲ್ಲೂ ಕರೆಂಟ್ ಕಾರಿರಲಿಲ್ಲ. ಆದರೂ ಒಂಬತ್ತು ಮನೆಯವರೂ ಸರಿಮಾಡಿಸಿಕೊಂಡರು. ಕರೆಂಟ್ ಕಾರು ರಿಪೇರಿಯ ತರಬೇತಿಗೆ ಹೆಸರು ಬರೆಸಿದವರಲ್ಲಿ ಎಲ್ಲರಿಗಿಂತ ಹಿರಿಯ ವಿದ್ಯಾರ್ಥಿ ಕಿವಿಮೇಸ್ತ್ರಿ.

ಅಕ್ಕಂದಿರೇ, ಅಣ್ಣಂದಿರೇ, ಕರೆಂಟ್ ಕಾರು ತಗೊಳ್ಳುವುದು ಬಿಡುವುದು ನಿಮಗೆ ಬಿಟ್ಟದ್ದು. ತಗೊಳ್ಳುವುದಾದರೆ ಕಾರಿಗಿಂತ ಮೊದಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮನೆಗೆ ಬರಲಿ. ಕಾರಿಗೆ ಅದರದೇ ಲೈನು, ಅದರದೇ ಸ್ವಿಚ್ಚು ಇರಲಿ. ಎಕ್ಸ್‌ಟೆನ್ಷನ್ ವೈರಿನ ಆಸೆ ಬಿಡಿ. ಕೆಂಪು ದೀಪ ಬಂದರೆ ಬೈಯಬೇಡಿ, ಯಾಕೆಂದು ಕೇಳಿ. ಕಾರು ತಗೊಳ್ಳದಿದ್ದರೂ, ನಿಮ್ಮ ಮನೆಯಲ್ಲಿ ಯಾರಾದರೂ "ಮುಟ್ಟಿದರೆ ಕೈ ಜುಮ್ಮನ್ನುತ್ತೆ" ಅಂದರೆ ನಗಬೇಡಿ. ಆ ಮೆಷಿನನ್ನು ಗೋಡೆಯ ಸ್ವಿಚ್ಚಿನಲ್ಲೇ ಆಫ್ ಮಾಡಿ, ಇವತ್ತೇ ಎಲೆಕ್ಟ್ರಿಷಿಯನ್ನಿಗೆ ಫೋನು ಮಾಡಿ. ನಾಳೆ ಬೆಳಿಗ್ಗೆ ಅದನ್ನು ಒದ್ದೆ ಕೈಯಲ್ಲಿ ಮುಟ್ಟುವವರು ನಿಮ್ಮ ಮನೆಯವರೇ.