ಗುಂಡನ ಶ್ವಾಸನಾಳದ ಅಳತೆ

ನಮ್ಮ ಪ್ರಾಣಿ ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮನಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು ಸ್ಕೇಲಮ್ಮ. ಯಾವ ಎಕ್ಸ್‌ರೇ ಕೊಟ್ಟರೂ ಒಂದು ಸಲ ಅಳೆದು ಸುಮ್ಮನಾಗುವವರಲ್ಲ. ಮೊದಲು ಬರೆದ ಅಂಕಿಯ ಮೇಲೆ ಚೀಟಿ ಅಂಟಿಸಿ ಇನ್ನೊಂದು ದಿನ ಮತ್ತೆ ಅಳೆಯುತ್ತಾರೆ. ಸಾಲದೆಂಬಂತೆ ಕೈಗೆ ಸಿಕ್ಕವರನ್ನೂ ಕೂರಿಸಿ ಅಳೆಸುತ್ತಾರೆ. ಇಪ್ಪತ್ತು ವರ್ಷದಿಂದ ಎಕ್ಸ್‌ರೇ ತೆಗೆಯುತ್ತಿರುವ ನನಗೆ ಇದು ದೊಡ್ಡ ತಲೆನೋವು. "ಚಿತ್ರವೇನು ರಾತ್ರೋರಾತ್ರಿ ಬದಲಾಗುತ್ತಾ ಮೇಡಂ?" ಎಂದು ಒಮ್ಮೆ ರೇಗಿದ್ದೆ.

"ಚಿತ್ರ ಬದಲಾಗಲ್ಲಪ್ಪಾ, ಅಳೆಯೋ ನಾನು ಬದಲಾಗ್ತೀನಿ," ಎಂದಿದ್ದರು.

ಆ ಸೋಮವಾರ ಬಂದದ್ದು ಗುಂಡ, ನನ್ನ ಅಕ್ಕನ ಚಪ್ಪಟೆ ಮೂತಿಯ ನಾಯಿ. ಅಕ್ಕ ಟೈಲರ್, ಒಂಟಿ ಜೀವ. ಅವಳ ಹೊಲಿಗೆ ಯಂತ್ರದ ಕೆಳಗೇ ಇವನ ಬಿಡಾರ. ಹದಿನೈದು ದಿನದಲ್ಲಿ ಎರಡು ಸಲ ಉಸಿರುಕಟ್ಟಿ, ನಾಲಿಗೆ ನೀಲಿಯಾಗಿ ಬಿದ್ದುಬಿಟ್ಟಿದ್ದ. ನಾನೇ ಎಕ್ಸ್‌ರೇ ತೆಗೆದೆ, ಡಾಕ್ಟರಮ್ಮ ಅಳೆದರು. ಎದೆಗೂಡಿನ ಬಾಯಿ ನೂರು ಪಾಲಾದರೆ ಅದರಲ್ಲಿ ಶ್ವಾಸನಾಳದ ಅಗಲ ಎಷ್ಟು ಪಾಲು ಎಂಬುದೇ ಆ ಅಳತೆ. ಇಂಥ ಚಪ್ಪಟೆ ಮೂತಿಯವಕ್ಕೆ ಹನ್ನೆರಡರ ಸುಮಾರಾದರೂ ಇರಬೇಕು. ಎಂಟು ಬಂತು. ತೀರಾ ಕಿರಿದು.

"ನಾಳವೇ ಹುಟ್ಟಿನಿಂದ ಸಣ್ಣದಮ್ಮಾ. ಆಪರೇಷನ್ ಮಾಡಿ ದೊಡ್ಡದು ಮಾಡೋ ಹಾಗಿಲ್ಲ. ಹೀಗೆ ಒದ್ದಾಡಿಸೋದಕ್ಕಿಂತ..." ಎಂದರು. ಅಕ್ಕ ಗುರುವಾರದವರೆಗೆ ಗಡುವು ಕೇಳಿಕೊಂಡಳು.

ಗುರುವಾರ ಮಧ್ಯಾಹ್ನ ಗುಂಡನಿಗೆ ಕೊನೆಯ ಸೂಜಿ ತಯಾರಾಗಿತ್ತು. ಈ ಪುಣ್ಯಾತ್ಗಿತ್ತಿ ನೋಡಿದರೆ ಸೋಮವಾರದ ಅಂಕಿಯ ಮೇಲೆ ಚೀಟಿ ಅಂಟಿಸಿ ಮತ್ತೆ ಸ್ಕೇಲು ಹಿಡಿದು ಕೂತಿದ್ದಾರೆ!

"ಇವತ್ತೂ ಬೇಕಾ ಮೇಡಂ ಇದು? ಹೊರಗೆ ನಮ್ಮಕ್ಕ ಬೆಂಚಿನ ಮೇಲೆ ಜೀವ ಹಿಡ್ಕೊಂಡು ಕೂತಿದ್ದಾಳೆ."

"ಜೀವ ತೆಗೆಯೋ ದಿನ ಅಳೆಯದೆ ಇನ್ಯಾವತ್ತು ಅಳೆಯಲಿ? ಬಾ, ನೀನೂ ಅಳೆ."

ಅವರಿಗೆ ಹತ್ತು ಬಂತು. ನನಗೆ ಹನ್ನೊಂದು. ಚೀಟಿ ಕಿತ್ತರೆ ಅಡಿಯಲ್ಲಿ ಎಂಟು.

"ಒಂದೇ ಎಕ್ಸ್‌ರೇಗೆ ಮೂರು ಲೆಕ್ಕ. ಯಾವುದನ್ನ ನಂಬಿ ಚುಚ್ಚಲಿ?" ಎನ್ನುತ್ತಾ ಚಿತ್ರವನ್ನು ದಿಟ್ಟಿಸಿದರು. "ಕತ್ತು ಬಗ್ಗಿದೆ ನೋಡು. ಉಸಿರು ಹೊರಗೆ ಬಿಟ್ಟಾಗ ತೆಗೆದಿದ್ದು ಬೇರೆ. ಹೀಗೆ ತೆಗೆದ್ರೆ ನಾಳ ಇರೋದಕ್ಕಿಂತ ಸಣ್ಣದಾಗಿ ಕಾಣುತ್ತೆ."

ಬೇರೆ ಯಾರ ನಾಯಿಯಾಗಿದ್ದರೂ ಕತ್ತು ನೆಟ್ಟಗೆ ಮಾಡಿ, ಉಸಿರು ಒಳಗೆಳೆದುಕೊಳ್ಳುವವರೆಗೆ ಕಾಯುತ್ತಿದ್ದೆ. ಗುಂಡ ಒದ್ದಾಡಿದಾಗ ಕರುಳು ಚುರುಕ್ಕೆಂದು, ತಲೆಯನ್ನು ನನ್ನ ಹೊಟ್ಟೆಗೆ ಒತ್ತಿಕೊಂಡು, "ಆಯ್ತು ಮರಿ, ಆಯ್ತು" ಎನ್ನುತ್ತಾ ಕಾಲಡಿಯ ಸ್ವಿಚ್ಚು ತುಳಿದುಬಿಟ್ಟಿದ್ದೆ.

ಡಾಕ್ಟರಮ್ಮ ಇನ್ನೊಂದು ಎಕ್ಸ್‌ರೇ ತೆಗೆಸಿದರು. ಈ ಸಲ ಅವರಿಗೆ ಹದಿಮೂರು, ನನಗೆ ಹನ್ನೆರಡು. ನಾನು ಕುಣಿಯುವುದೊಂದು ಬಾಕಿ. ಅವರಿಗೆ ಅದೂ ಸಾಲದು. "ಎಷ್ಟಾದ್ರೂ ಇದು ನೆರಳು ಕಣಪ್ಪಾ. ಒಳಗೇ ಇಣುಕೋಣ," ಎಂದು ಗುಂಡನಿಗೆ ಮಂಪರು ಕೊಟ್ಟು, ಗಂಟಲಿಗೆ ಕ್ಯಾಮೆರಾದ ಕೊಳವೆ ಇಳಿಸಿದರು. ಅಂಗುಳಿನ ಹಿಂದಿನ ಮೆತ್ತನೆಯ ಮಾಂಸ ಉದ್ದ ಬೆಳೆದು ಶ್ವಾಸನಾಳದ ಬಾಯಿಯನ್ನೇ ಮುಚ್ಚುತ್ತಿತ್ತು. ಕತ್ತರಿಸಿ ಸರಿಪಡಿಸಬಹುದಾದದ್ದು! ಮೂವತ್ತು ವರ್ಷ ಅನುಭವವಿದ್ದೂ ತನ್ನ ಕಣ್ಣನ್ನೇ ಅನುಮಾನಿಸುವ ಇಂಥ ಹೆಂಗಸನ್ನು ಆಡಿಕೊಂಡಿದ್ದೆನಲ್ಲ, ನನ್ನ ಬಾಯಿಗಿಷ್ಟು ಮಣ್ಣು ಹಾಕ ಎಂದುಕೊಂಡೆ.

ಅವರು ನೇರ ಹೊರಗೆ ಹೋಗಿ ಅಕ್ಕನ ಪಕ್ಕ ಕೂತರು. ನಾನೂ ಹಿಂದೆಯೇ ಹೋದೆ. "ಸೋಮವಾರ ನಾನು ಹೇಳಿದ್ದು ತಪ್ಪಮ್ಮಾ. ಒಂದೇ ಅಳತೆ ನಂಬಿ ಮಾತಾಡಿಬಿಟ್ಟೆ. ಕ್ಷಮಿಸಿ. ಇವನಿಗೆ ಆಪರೇಷನ್ ಮಾಡಬಹುದು."

ನನ್ನ ಹೆಸರೇ ಎತ್ತಲಿಲ್ಲ. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಡಾಕ್ಟರಮ್ಮನ ತಗ್ಗಿದ ಮುಖ ನೋಡಿಕೊಂಡು ಸುಮ್ಮನಿರುವುದು ನನ್ನಿಂದಾಗಲಿಲ್ಲ.

"ಅಕ್ಕಾ, ತಪ್ಪು ಅವರದ್ದಲ್ಲ. ಎಕ್ಸ್‌ರೇ ಕೆಡಿಸಿದ್ದು ನಾನು. ಅವನ ಒದ್ದಾಟ ನೋಡಕ್ಕಾಗದೆ ತಬ್ಬಿಕೊಂಡೇ ತೆಗೆದುಬಿಟ್ಟೆ."

ಅಕ್ಕ ನನ್ನನ್ನು ಸುಟ್ಟುಬಿಡುವಂತೆ ನೋಡಿದಳು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, "ಬದುಕ್ತಾನಾ?" ಎಂದಳು.

"ನಂಬಿಕೆ ಇದೆ. ಈಗಲೇ ಶುರು ಮಾಡ್ತೀನಿ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನು ಬಾಗಿಲಿನತ್ತ ನೂಕಿದಳು. "ಮತ್ತೆ ಇಲ್ಲೇನು ಕಂಬದ ಹಾಗೆ ನಿಂತಿದ್ದೀಯೋ? ಹೋಗು, ಅವನ ಹತ್ರ ಇರು. ಮುದ್ದು ಮಾಡಬೇಡ. ಅವರು ಹೇಳಿದ ಹಾಗೆ ಹಿಡ್ಕೋ."